ಬಾತಿ ಗುಡ್ಡದ ಪೆಟ್ಟಿಗೆ

ನವೆಂಬರ್ 3, 2025, ಸೋಮವಾರ

ನಾನು ಹೇಳಿದ ಜೋಕಿಗೆ ಎದುರಿನವನು ನಗದಿದ್ದರೆ ಬೇಜಾರಾಗುವುದುಂಟು. ನಕ್ಕಿದ್ದಕ್ಕೆ ಸಂಕಟವಾದದ್ದು ಇವತ್ತೇ ಮೊದಲು.

ಬಡೇಸಾಬನನ್ನು ನೋಡಲು ಹರಿಹರಕ್ಕೆ ಹೋಗಿದ್ದೆ. ಗಂಟಲಿನ ಆಪರೇಷನ್ ಆಗಿ ಮನೆಗೆ ಬಂದ ಮೇಲೆ ಇದೇ ಮೊದಲು. ಧ್ವನಿಪೆಟ್ಟಿಗೆಯನ್ನೇ ತೆಗೆದುಬಿಟ್ಟಿದ್ದಾರೆ. ಕತ್ತಿನ ಮುಂದೆ ಒಂದು ತೂತು, ಅದರ ಮೇಲೆ ಬಿಳಿ ಬಟ್ಟೆ, ಉಸಿರು ಅಲ್ಲಿಂದಲೇ. ಮಾತಿಗೆ ಒಂದು ಸ್ಲೇಟು. ನಾನು ಕೂತವನೇ ಶುರು ಮಾಡಿದೆ: “ಬಡೇ ಅಂದ್ರ ದೊಡ್ಡದು ಅಂತಾರಪಾ. ನೀನು ನೋಡಿದ್ರ ಬಡಕಲಾಗಿ ಕುಂತೀದಿ. ಛೋಟೇಸಾಬ್ ಅಂತ ಹೆಸರು ಬದಲಾಸೋಣೇನು?”

ಅವನ ಭುಜ ಕುಣಿಯಿತು, ಕಣ್ಣು ಮುಚ್ಚಿತು, ಬಾಯಿ ದೊಡ್ಡದಾಗಿ ತೆರೆಯಿತು. ಸದ್ದು ಮಾತ್ರ ಇಲ್ಲ. ಕತ್ತಿನ ಬಟ್ಟೆ ಪಟಪಟ ಬಡಿದುಕೊಂಡಿತು. ಎದುರಿನ ಕಪಾಟಿನ ಕನ್ನಡಿಯಲ್ಲಿ ಅವನು ತನ್ನನ್ನೇ ನೋಡಿಕೊಂಡ. ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿದವನು ನಾನು ಏಳುವವರೆಗೂ ಈ ಕಡೆ ಹೊರಳಲಿಲ್ಲ.

ವಾಪಸ್ ಬರುವಾಗ ನಮ್ಮ ನಿಜಲಿಂಗಪ್ಪ ಬಡಾವಣೆಯಲ್ಲಿ ಇಳಿಯಬೇಕಾದವನು ಬಸ್ ಸ್ಟ್ಯಾಂಡಿನವರೆಗೂ ಹೋಗಿಬಿಟ್ಟೆ.

ನವೆಂಬರ್ 6, ಗುರುವಾರ

ಬಡೇಸಾಬನ ಹೆಂಡತಿ ಹಜೀರಾಬೀ ಫೋನ್ ಮಾಡಿದ್ದು ನನಗಲ್ಲ, ನನ್ನ ಹೆಂಡತಿ ಕಸ್ತೂರಿಗೆ. ಕಸ್ತೂರಿ ಸ್ಪೀಕರ್ ಹಾಕಿದ್ದಳು.

“ಅಕ್ಕಾ, ಅಣ್ಣಾರಿಗೆ ಸ್ವಲ್ಪ ದಿನ ಬರಬ್ಯಾಡ ಅಂತ ಹೇಳ್ರಿ. ತಪ್ಪು ತಿಳಕೋಬ್ಯಾಡ್ರಿ. ಇವರು ಸ್ಲೇಟಿನ ಮ್ಯಾಲೆ ಬರದಾರ, ಬಸ್ಯಾ ಬಂದ್ರ ನಗಸ್ತಾನ, ನಕ್ಕರ ನಾನು ಗೊಂಬಿ ಕಂಡಂಗ ಕಾಣ್ತೀನಿ ಅಂತ.”

ಫೋನಿನಲ್ಲಿ ನನ್ನ ಹೆಸರು ಬಂದರೆ ಅದನ್ನು ಬೋರಲು ಹಾಕುತ್ತಾನಂತೆ. ಮಾಳಿಗೆಯ ಮೇಲಿನ ಆಂಟೆನಾ ತಾನೇ ನಿಂತು ಇಳಿಸಿದ, ದೊಡ್ಡ ರೇಡಿಯೋ ಸೆಟ್ಟನ್ನು ಯಾರಿಗೋ ಕೊಟ್ಟ. ನಾನು ತಂತಿ ಕಚೇರಿಯಲ್ಲಿದ್ದಾಗಿನಿಂದ, ಅವನು ಹರಿಹರದಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಾಗಿನಿಂದ, ಬೆಳಗಿನ ಚಹಾದ ಹೊತ್ತಿಗೆ ನಾವಿಬ್ಬರೂ ಹವ್ಯಾಸಿಗಳ ಹ್ಯಾಮ್ ರೇಡಿಯೋದಲ್ಲಿ ಮಾತಾಡದ ದಿನ ಕಡಿಮೆ. ಮಾತು ಮುಕ್ಕಾಲು ನನ್ನದು, ನಗು ಪೂರ್ತಿ ಅವನದು. ಅದೆಲ್ಲ ಮುಗಿಯಿತು ಅಂದುಕೊಂಡೆ.

ಫೋನ್ ಇಡುವ ಮುಂಚೆ ಹಜೀರಾಬೀ ಇನ್ನೊಂದು ಮಾತು ಹೇಳಿದಳು: “ಆ ಕೈಯಾಗಿಂದು ಸಣ್ಣ ಸೆಟ್ಟು ಐತಲ್ಲಕ್ಕಾ, ಅದೊಂದು ಕೊಟ್ಟಿಲ್ಲ. ದಿಂಬಿನ ಮಗ್ಗಲಿಗೆ ಇಟ್ಟಕೊಂಡು ದಿನಾ ಚಾಲೂ ಮಾಡ್ತಾರ. ಬರೇ ಸುಂಯ್ ಅಂತೈತಿ.”

ಯಾರ ಮಾತೂ ಬೇಡ ಎನ್ನುವವನು ಸೆಟ್ಟನ್ನು ಯಾಕೆ ಚಾಲೂ ಮಾಡುತ್ತಾನೆ?

ಮನೆಯೊಳಗಿನ ಆ ಕೈಸೆಟ್ಟಿನ ಶಕ್ತಿ ಊರು ದಾಟುವುದಿಲ್ಲ. ನಡುವೆ ಬಾತಿ ಗುಡ್ಡದ ಮೇಲೆ ಮೊದಲು ನಮ್ಮ ಕ್ಲಬ್ಬಿನ ರಿಪೀಟರ್ ಇತ್ತು. ಇವನ ಸಣ್ಣ ದನಿಯನ್ನು ಕೇಳಿಸಿಕೊಂಡು ಅಲ್ಲಿಂದ ದೊಡ್ಡದಾಗಿ ಹೇಳುತ್ತಿತ್ತು. ಸಿಡಿಲು ಬಡಿದು ಸುಟ್ಟಿತು, ಮತ್ತೆ ಯಾರೂ ಹಾಕಲಿಲ್ಲ. ನಾನು ಹಾಕುತ್ತೇನೆ. ಹೊತ್ತೊಯ್ಯುವಂಥದ್ದು, ಸಣ್ಣದು. ಮೆಟ್ರಿಕ್‌ನಲ್ಲಿ ಎರಡು ಸಲ ಕೂತವನು ನಾನು. ರಿಪೀಟರ್ ಅಂದರೆ ಏನು ಅಂತ ನನಗೆ ಯಾರೂ ಹೇಳಿಕೊಡಬೇಕಿಲ್ಲ.

ನವೆಂಬರ್ 11, ಮಂಗಳವಾರ

ಬಾಯಿಲ್ಲದ ಗೆಳೆಯನಿಗೆ ಬಾಯಿ ಕಟ್ಟುವ ಕೆಲಸ. ಬಾಯಿ ‘ಕಟ್ಟುವ’ ಅಂದರೆ ಮುಚ್ಚುವುದೂ ಆಗುತ್ತದೆ. ಇರಲಿ.

ಕಸ್ತೂರಿಯ ತವರಿನ ಟ್ರಂಕು ಅಳತೆಗೆ ಸರಿ ಹೊಂದಿತು. ಒಳಗೆ ಎರಡು ಹಳೆ ಸೆಟ್ಟು: ಒಂದು ಕಿವಿ, ಅದು ಬರೀ ಕೇಳುತ್ತದೆ, ಇನ್ನೊಂದು ಬಾಯಿ, ಬರೀ ಹೇಳುತ್ತದೆ. ನಡುವೆ ಅಂಗೈಯಷ್ಟು ಕಂಟ್ರೋಲರ್ ಕಾರ್ಡು. ಕಿವಿಗೆ ಏನಾದರೂ ಬಿದ್ದ ಕೂಡಲೇ ಅದು ಬಾಯಿಯ ಗುಂಡಿ ಒತ್ತುತ್ತದೆ. ನಾವು ಮಾತು ಬಿಟ್ಟ ಮೇಲೂ ಎರಡು ಉಸಿರಿನಷ್ಟು ಹೊತ್ತು ಹಿಡಿದುಕೊಂಡಿದ್ದು ‘ಟಪ್’ ಎಂದು ಬಿಡುತ್ತದೆ. ಅದಕ್ಕೆ ನಾವು ಬಾಲ ಅನ್ನುತ್ತೇವೆ. ತಳದಲ್ಲಿ ಬ್ಯಾಟರಿ.

ಕೇಳುವುದು ಒಂದು ಫ್ರೀಕ್ವೆನ್ಸಿಯಲ್ಲಿ, ಹೇಳುವುದು ಅದರ ಪಕ್ಕದ ಇನ್ನೊಂದರಲ್ಲಿ, ಎರಡೂ ಒಟ್ಟಿಗೆ. ಬಾಯಿಯ ಗದ್ದಲ ಕಿವಿಗೆ ನುಗ್ಗದ ಹಾಗೆ ನಡುವೆ ಡ್ಯೂಪ್ಲೆಕ್ಸರ್ ಇರಬೇಕು. ಕೊಡಪಾನದಂಥ ಹಿತ್ತಾಳೆ ಡಬ್ಬಿಗಳ ಸಾಲು, ಹೊರಲಾರದ ಭಾರ. ಅದನ್ನು ಬಿಟ್ಟೆ. ಒಂದೇ ಬಿದಿರಿಗೆ ಎರಡು ಆಂಟೆನಾ, ಮೇಲೊಂದು ಕೆಳಗೊಂದು ಕಟ್ಟಿದರೆ ಆಯಿತು.

ಅತಿಯಾಗಿ ಮಾತಾಡುವವರ ಮಾತು ತಾನೇ ಕಡಿಯಲಿ ಎಂದು ಕಂಟ್ರೋಲರಿನಲ್ಲಿ ಒಂದು ಟೈಮರ್ ಇದೆ. ಎಲ್ಲರೂ ಮೂರು ನಿಮಿಷಕ್ಕೆ ಇಡುತ್ತಾರೆ. ನಾನು ಹತ್ತಕ್ಕೆ ಇಟ್ಟೆ. ಎಷ್ಟು ದಿನದ ಮಾತು ಬಾಕಿ ಇದೆ.

“ಟ್ರಂಕಿನಾಗಿನ ಸೀರಿ ಎಲ್ಲಿ ಹೋದ್ವು?” ಎಂದು ಕಸ್ತೂರಿ ಕೇಳಿದಳು.

“ಹಾಲ್‌ನಾಗ ಕುಂತು ಸೀರಿಯಲ್ ನೋಡಾಕತ್ತಾವ.”

“ನಿಮ್ಮ ನಾಲಿಗಿಗೊಂದು ಟೈಮರ್ ಹಾಕ್ಯಾರೇನ್ರಿ ಯಾರಾದ್ರೂ?” ಎಂದು ಕೇಳಿ ಒಳಗೆ ಹೋದಳು.

ನವೆಂಬರ್ 15, ಶನಿವಾರ

ಪೆಟ್ಟಿಗೆ ಗುಡ್ಡ ಹತ್ತಿತು. ಏರು ಮುಗಿಯುವಲ್ಲಿ ಅಜ್ಜಪ್ಪನ ಚಹಾದಂಗಡಿ, ಹಿಂದೆ ತಗಡಿನ ಕೋಣೆ, ಕರೆಂಟೂ ಇದೆ. ಕೋಣೆಯಲ್ಲಿ ಟ್ರಂಕು, ಮಾಡಿನ ಮೇಲೆ ಬಿದಿರು.

“ಏನ್ರಿ ಇದು ಯಜಮಾನ್ರೆ?” ಎಂದ ಅಜ್ಜಪ್ಪ.

“ಮೋಡ ಎಣಿಸೋ ಪೆಟ್ಟಿಗಿ. ಸರ್ಕಾರದ್ದು. ಯಾರಿಗೂ ಹೇಳಬ್ಯಾಡ.”

“ಈಗ ಎಷ್ಟ್ ಅದಾವ್ರಿ?”

“ಇನ್ನೂ ಒಂದು ಅಂತ ಶುರು ಮಾಡೈತೆ.”

ಆಕಾಶದಲ್ಲಿ ಒಂದೂ ಇರಲಿಲ್ಲ. ಅಜ್ಜಪ್ಪ ಹಣೆಗೆ ಕೈ ಅಡ್ಡ ಹಿಡಿದು ಹುಡುಕಿದ. ದಿನಾ ಬ್ಯಾಟರಿಗೆ ಚಾರ್ಜ್ ಹಾಕುತ್ತೇನೆ ಎಂದು ಒಪ್ಪಿಕೊಂಡಿದ್ದಾನೆ.

ನವೆಂಬರ್ 16, ಭಾನುವಾರ

ಬೆಳಿಗ್ಗೆ ಕರೆದೆ. ನನ್ನ ದನಿ ಗುಡ್ಡಕ್ಕೆ ಹೋಗಿ ಗಟ್ಟಿಯಾಗಿ ವಾಪಸ್ ಬಂತು. ಅವನ ದಿಂಬಿನ ಪಕ್ಕದಲ್ಲೂ ಹಾಗೇ ಬಿದ್ದಿರಬೇಕು. ಅವನ ಹತ್ತಿರ ತಂತಿಯ ಚುಕ್ಕಿ-ಗೆರೆ ಕುಟ್ಟುವ ನಮ್ಮ ಹಳೆ ಮೋರ್ಸ್ ಕೀ ಇದೆ, ಅದರ ಬಜರ್ ಇದೆ. ಮೈಕಿನ ಮುಂದೆ ಹಿಡಿದು ಕುಟ್ಟಿದರೆ ಸಾಕು, ಗಂಟಲು ಬೇಡ. ಅದನ್ನೂ ಹೇಳಿದೆ. ಗುಡ್ಡದ ಪೆಟ್ಟಿಗೆಯ ಕಥೆ, ಸೀರೆಯ ಕಥೆ, ಅಜ್ಜಪ್ಪನ ಮೋಡದ ಕಥೆ, ಎಲ್ಲಾ ಹೇಳಿದೆ. ಹತ್ತು ನಿಮಿಷವೂ ಸಾಲದೆ ಟೈಮರ್ ಕಡಿಯಿತು.

ಉತ್ತರವಿಲ್ಲ. ನಾನು ಬಿಟ್ಟ ಮೇಲೆ ಪೆಟ್ಟಿಗೆ ಮಾತ್ರ ಟಪ, ಟಪಟಪ ಎಂದು ಸ್ವಲ್ಪ ಹೊತ್ತು ಬಡಿದುಕೊಂಡಿತು. ಎಲ್ಲೋ ಬಾಯಿಯ ಗುಂಡಿ ಒತ್ತುವ ಸ್ವಿಚ್ಚು, ರಿಲೇ, ಸಡಿಲವಾಗಿದೆ.

ನವೆಂಬರ್ 19, ಬುಧವಾರ

ದಿನಾ ಕರೆಯುತ್ತಿದ್ದೇನೆ. ದಿನಾ ಆ ಟಪಟಪ. ಕಿವಿಗೆ ಕಿರಿಕಿರಿ. ಇವತ್ತು ಗುಡ್ಡಕ್ಕೆ ಹೋಗಿ ರಿಲೇ ಬದಲಾಯಿಸಿದೆ. ಜೊತೆಗೆ ಸಣ್ಣಪುಟ್ಟ ಸದ್ದಿಗೆಲ್ಲ ಕಿವಿ ತೆರೆಯದ ಹಾಗೆ ತಿರುಪು ಬಿಗಿ ಮಾಡಿದೆ. ಈಗ ಶಾಂತ.

ನವೆಂಬರ್ 22, ಶನಿವಾರ

ಮಾತಾಡಿದೆ. ಉತ್ತರವಿಲ್ಲ. ಟಪಟಪವೂ ಇಲ್ಲ.

ನವೆಂಬರ್ 25, ಮಂಗಳವಾರ

ಇವತ್ತು ಸೆಟ್ಟು ಹಾಕಲಿಲ್ಲ. ಗಂಟಲು ಹೋದವನು ಅವನು, ಗಂಟಲು ಹರಿದುಕೊಂಡವನು ನಾನು. ಒಂದು ಗುಂಡಿ ಒತ್ತಲಾರದಷ್ಟು ಸೆಡವೇನು? ನನ್ನ ಮುಖ ನೋಡಬೇಡ, ಸರಿ, ದನಿಯೂ ಬೇಡವೇ? ಕಸ್ತೂರಿ ನಾಳಿದ್ದು ಹರಿಹರಕ್ಕೆ ಹೋಗುತ್ತಾಳಂತೆ. ಹೋಗಲಿ. ನನ್ನದೇನೂ ಹೇಳಬೇಡ ಅಂದಿದ್ದೇನೆ.

ನವೆಂಬರ್ 27, ಗುರುವಾರ

ಕಸ್ತೂರಿ ಬಂದವಳು ಚೀಲ ಇಡಲಿಲ್ಲ, ಚಪ್ಪಲಿ ಬಿಡಲಿಲ್ಲ.

“ಅವರು ದಿನಾ ಬೆಳಿಗ್ಗೆ ಕುಟ್ತಾರಂತರಿ. ನೀವು ಮಾತು ಬಿಟ್ಟ ತಕ್ಷಣ. ಮೊದಲ ದಿನದಿಂದ.”

“ಏನು ಕುಟ್ತಾನ?”

“ನನಗೇನು ಗೊತ್ತಾಗತೈತಿ ನಿಮ್ಮ ಚುಕ್ಕಿ ಗೆರಿ ಭಾಷಿ? ಹಜೀರಾಬೀನೇ ಸೆಟ್ಟು ಹಿಡಕಂತಾಳ, ಅವರು ಕುಟ್ತಾರ. ನಿನ್ನೆ ಮೊನ್ನೆ ನೀವು ಬರಲಿಲ್ಲ ಅಂತ ಊಟ ಬಿಟ್ಟಾರ. ಸ್ಲೇಟಿನ ಮ್ಯಾಲೆ ಬರದು ನನಗ ತೋರಿಸಿದ್ರು.”

“ಏನಂತ?”

“ಬಸ್ಯಾ ತನ್ನ ಮಾತು ತಾನೇ ಕೇಳ್ತಾನ, ಅಂತ.”

ಆ ಟಪಟಪ ರಿಲೇ ಅಲ್ಲ. ಅವನು. ಅವನ ಸಣ್ಣ ದನಿ ಬಂದ ಕೂಡಲೇ ಕಿವಿ ತೆರೆಯುತ್ತಿತ್ತು, ಕಿವಿ ತೆರೆದ ಕೂಡಲೇ ಬಾಯಿ ಅರಚುತ್ತಿತ್ತು, ಆ ಅರಚಾಟಕ್ಕೆ ಪಕ್ಕದ ಕಿವಿ ಕಿವುಡಾಗಿ ಅವನ ದನಿ ಸತ್ತು ಹೋಗುತ್ತಿತ್ತು. ಮತ್ತೆ ತೆರೆಯುತ್ತಿತ್ತು, ಮತ್ತೆ ಕಿವುಡು. ನನ್ನದು ದೊಡ್ಡ ಸೆಟ್ಟು, ನುಗ್ಗಿಕೊಂಡು ಹೋಗುತ್ತಿತ್ತು. ಅವನು ಬಾಗಿಲು ಬಡಿಯುತ್ತಿದ್ದ; ನಾನು ಬಾಗಿಲು ಬಡಬಡಿಸುತ್ತದೆ ಎಂದು ಮೊಳೆ ಹೊಡೆದು ಬಂದೆ.

ನವೆಂಬರ್ 28, ಶುಕ್ರವಾರ

ಗುಡ್ಡ. ಬಿಗಿ ಮಾಡಿದ ತಿರುಪನ್ನು ಸಡಿಲಿಸಿದೆ. ಕಿವಿಯ ಆಂಟೆನಾ ಬಿಚ್ಚಿ ಹರಿಹರದ ಮಗ್ಗುಲಿಗೆ, ಬಂಡೆಯ ಆಚೆ ನಿಲ್ಲಿಸಿದೆ. ಬಾಯಿಯದು ಬಂಡೆಯ ಈಚೆ. ನಡುವೆ ಆನೆ ಗಾತ್ರದ ಕಲ್ಲು. ಕೇಬಲ್ ಎಳೆಯುವುದಕ್ಕೆ ಅಜ್ಜಪ್ಪನೂ ಬಂದ. ಅಷ್ಟಾದರೂ ಕಿವಿ ಪೂರ್ತಿ ತೆರೆಯಲಿಲ್ಲ. ಕೊನೆಗೆ ಬಾಯಿಯ ಶಕ್ತಿಯನ್ನು ಇಳಿಸಿದೆ. ಅರ್ಧಕ್ಕೆ, ಆಮೇಲೆ ಅದರ ಅರ್ಧಕ್ಕೆ, ಇನ್ನೂ ಕೆಳಕ್ಕೆ. ಕಿವಿ ತೆರೆಯಿತು.

ಹತ್ತು ನಿಮಿಷದ ಟೈಮರನ್ನು ಒಂದಕ್ಕೆ ಇಳಿಸಿದೆ.

“ಮೋಡ ಎಷ್ಟಾದ್ವು ಯಜಮಾನ್ರೆ?” ಎಂದ ಅಜ್ಜಪ್ಪ.

“ಇದು ಮೋಡದ್ದಲ್ಲಪಾ. ಹರಿಹರದಾಗ ನನ್ನ ಗೆಳೆಯ ಅದಾನ. ಅವನಿಗೆ ಮಾತು ಹೋಗೈತೆ. ಅವನ ಸದ್ದು ನನಗ ಮುಟ್ಟಲಿ ಅಂತ.”

ಅಜ್ಜಪ್ಪ ಕೇಬಲ್ಲಿನ ಮೇಲೆ ಹೋತ ಕಾಲಿಡದ ಹಾಗೆ ಮುಳ್ಳು ಹಾಕಿದ.

ನವೆಂಬರ್ 29, ಶನಿವಾರ

ಕರೆದೆ. “ಸಾಬಣ್ಣಾ, ಪೆಟ್ಟಿಗಿ ಕಿವುಡಾಗಿತ್ತು. ಹೆಂಗೂ ಮಾಡಿದವನಂಗ ಇರಬೇಕಲ್ಲ” ಎಂದೆ. ಗುಂಡಿ ಬಿಟ್ಟೆ. ಬಾಲ ಹಿಡಿದುಕೊಂಡಿತ್ತು. ಅದು ‘ಟಪ್’ ಅನ್ನುವ ಮೊದಲೇ ಬಂತು.

ನಾಲ್ಕು ಚುಕ್ಕಿ, ಎರಡು ಚುಕ್ಕಿ. ಮತ್ತೆ ನಾಲ್ಕು, ಎರಡು.

ಹ್ಯಾಮಿನವರಿಗೆ ಮಾತ್ರ ಗೊತ್ತಿರುವ ಗುರುತು. ಮೋರ್ಸಿನಲ್ಲಿ ನಗುವುದು ಹೀಗೆ. ಮೊದಲ ದಿನದಿಂದ ಅವನು ಕುಟ್ಟುತ್ತಿದ್ದದ್ದು ಇದನ್ನೇ. ಸೀರೆಗೆ ನಕ್ಕಿದ್ದ, ಅಜ್ಜಪ್ಪನ ಮೋಡಕ್ಕೆ ನಕ್ಕಿದ್ದ. ಒಂದೂ ನನ್ನನ್ನು ಮುಟ್ಟಿರಲಿಲ್ಲ.

ಆಮೇಲೆ ನಿಧಾನವಾಗಿ, ಒಂದೊಂದೇ ಅಕ್ಷರ: “ಮನೇಲಿ ನಕ್ಕರ ಸದ್ದಿಲ್ಲ. ಇಲ್ಲಿ ಸದ್ದೈತೆ.”

ನಾನು ಗುಂಡಿ ಒತ್ತಿದೆ, ಬಿಟ್ಟೆ.

ಡಿಸೆಂಬರ್ 4, ಗುರುವಾರ

ಇವತ್ತು ಅವನೇ, ಟೈಮರ್ ಕಡಿಯದ ಹಾಗೆ ಬಿಟ್ಟು ಬಿಟ್ಟು, ಬಹಳ ಹೊತ್ತು ಕುಟ್ಟಿದ. ನಮಾಜಿಗೆ ಎದ್ದಾಗ ಕಿಟಕಿಯಿಂದ ಹೊಳೆಯ ಮೇಲಿನ ಮಂಜು ಕಾಣುತ್ತದಂತೆ. ಚಿಕ್ಕವನಿದ್ದಾಗ ಅವನ ಅಪ್ಪ ಆ ಮಂಜಿನಲ್ಲಿ ತೆಪ್ಪ ಹಾಕಿಕೊಂಡು ಹೋಗಿ, ಕಾಣದಾದಾಗ ಹಾಡು ಹೇಳುತ್ತಿದ್ದನಂತೆ, ದಡದಲ್ಲಿರುವ ಮಗ ಹೆದರಬಾರದು ಎಂದು. ಇಷ್ಟು ವರ್ಷ ದಿನಾ ಮಾತಾಡಿದ್ದೇವೆ, ಇದು ನನಗೆ ಗೊತ್ತಿರಲಿಲ್ಲ. ಅಪ್ಪನ ಹೆಸರೂ ಗೊತ್ತಿರಲಿಲ್ಲ.

ಚಹಾ ಆರಿತು. ಕಸ್ತೂರಿ ಬದಲಾಯಿಸಿ ಕೊಟ್ಟಳು. “ಯಾಕ, ಇವತ್ತು ನಿಮ್ಮ ದನಿನೇ ಇಲ್ಲ?” ಎಂದಳು. ಕೈಸನ್ನೆ ಮಾಡಿ ಸುಮ್ಮನಿರಿಸಿದೆ.

ಡಿಸೆಂಬರ್ 10, ಬುಧವಾರ

ನಿನ್ನೆ ಅವನು ಕುಟ್ಟಿದ್ದು: “ಬಾ. ಜೋಕ್ ಬ್ಯಾಡ.”

ಹೋದೆ. ಕಾಯಿಲೆ ಗಂಟಲಿನಿಂದ ಎದೆಗೆ ಇಳಿದಿದೆ. ಇನ್ನು ಆಸ್ಪತ್ರೆ ಬೇಡ, ಮನೆಯಲ್ಲೇ ಇಟ್ಟುಕೊಳ್ಳಿ ಎಂದಿದ್ದಾರಂತೆ. ಹಾಸಿಗೆಯ ಅಂಚಿನಲ್ಲಿ ಕೂತೆ. ಕಪಾಟಿನ ಕನ್ನಡಿಗೆ ಟವೆಲ್ ಹಾಕಿದ್ದರು. ಅವನ ಕಾಲು ಒತ್ತಿದೆ. ಹಜೀರಾಬೀ ಚಹಾ ತಂದಳು, ಮಂಡಕ್ಕಿ ತಂದಳು.

“ಏನ್ ಅಣ್ಣಾರ, ಇಷ್ಟ್ ಸುಮ್ನ ಕುಂತೀರಿ? ನನಗ ಅಂಜಿಕಿ ಆಗತೈತಿ” ಎಂದಳು.

ಬಡೇಸಾಬ್ ಸ್ಲೇಟು ತೆಗೆದುಕೊಂಡು ಬರೆದ: “ಇವನ ಟೈಮರ್ ಕೆಟ್ಟೈತೆ.”

ನಾನು ನಕ್ಕೆ. ಅವನೂ ನಕ್ಕ, ಸದ್ದಿಲ್ಲದೆ, ನನ್ನ ಮುಖ ನೋಡುತ್ತಲೇ. ಆಮೇಲೆ ಮಂಚದ ಕಟ್ಟಿಗೆಗೆ ಬೆರಳಿನಿಂದ ಕುಟ್ಟಿದ. ನಾಲ್ಕು, ಎರಡು. ಹೊರಡುವಾಗ ಹಜೀರಾಬೀ ಸೆಟ್ಟಿನ ಬ್ಯಾಟರಿ ಚಾರ್ಜಿಗೆ ಹಾಕುತ್ತಿದ್ದಳು.

ಡಿಸೆಂಬರ್ 18, ಗುರುವಾರ

ಎರಡು ದಿನದಿಂದ ಅವನು ಅಕ್ಷರ ಕುಟ್ಟುವುದಿಲ್ಲ, ನಗುತ್ತಾನೆ ಅಷ್ಟೆ. ಕೈ ಸೋತಿದೆ. ಇವತ್ತು ಐದು ಚುಕ್ಕಿ ಬಂತು, ತಡೆದು ಎರಡು. ಐದು ಚುಕ್ಕಿ ಅಂದರೆ ನಗುವಲ್ಲ, ಐದು ಎಂಬ ಅಂಕಿ. ತಂತಿ ಕಚೇರಿಯಲ್ಲಿ ಹೊಸಬರು ಒಂದು ಚುಕ್ಕಿ ಹೆಚ್ಚು ಹಾಕಿದರೆ ನಾನು ಸುಮ್ಮನೆ ಬಿಟ್ಟವನಲ್ಲ. ಇರಲಿ. ನಡುಗುವ ಕೈ.

ಅವನಿಗೆ ಜೋಕು ಬೇಕು ಅನಿಸುತ್ತದೆ. ಸಣ್ಣ ಸಣ್ಣವು ಹೇಳುತ್ತಿದ್ದೇನೆ.

ಡಿಸೆಂಬರ್ 21, ಭಾನುವಾರ

ಪೋಸ್ಟ್‌ಮಾಸ್ತರನ ಕೊಡೆಯದು ಹೇಳುತ್ತಿದ್ದೆ. ನಡುವೆ ಉಸಿರಿಗೆ ಗುಂಡಿ ಬಿಟ್ಟೆ, ಅಷ್ಟರಲ್ಲೇ ನಕ್ಕುಬಿಟ್ಟ. ಕೊಡೆ ಇನ್ನೂ ಬಿಚ್ಚಿಯೇ ಇರಲಿಲ್ಲ. ಹಳೆ ಜೋಕು, ಮುಂದಿನದು ಅವನಿಗೆ ಗೊತ್ತು. ಐದು, ಎರಡು.

ಡಿಸೆಂಬರ್ 24, ಬುಧವಾರ

ಬಡೇಸಾಬ್ ಹೋದ. ಬೆಳಗಿನ ನಮಾಜಿನ ಹೊತ್ತಿಗೆ.

ಮಣ್ಣಿಗೆ ಹೋಗಿ ಬಂದೆ. ಮೂರು ಹಿಡಿ ಹಾಕಬೇಕು ಎಂದರು. ಹಾಕಿದೆ.

ಜನವರಿ 2, ಶುಕ್ರವಾರ

ಹಜೀರಾಬೀ ಇದ್ದತ್ ಕೂತಿದ್ದಾಳೆ. ನಾಲ್ಕು ತಿಂಗಳ ಮೇಲೆ ಹತ್ತು ದಿನ ಮನೆ ಬಿಟ್ಟು ಹೊರಗೆ ಬರುವಂತಿಲ್ಲ, ಹೊರಗಿನ ಗಂಡಸರ ಎದುರು ಕೂರುವಂತಿಲ್ಲ. ಅದಕ್ಕೆ ಕಸ್ತೂರಿಯೇ ಹೋಗಿ ಬಂದಳು. ಬಂದವಳು ಅಡಿಗೆಮನೆಗೆ ಹೋಗದೆ ನನ್ನ ಎದುರು ಕೂತಳು.

“ಒಂದು ಹೇಳ್ತೀನಿ. ನೀವು ಸಿಟ್ಟಾಗಬಾರದು.”

“ಹೇಳು.”

“ಹದಿನಾರನೇ ತಾರೀಕಿಗೇ ಅವರಿಗೆ ಎಚ್ಚರ ತಪ್ಪಿತ್ತಂತ. ಆಮ್ಯಾಲೆ ಕಣ್ಣು ಬಿಡಲಿಲ್ಲ.”

“ನಕ್ಕನಲ್ಲ?”

“ಅದು ಹಜೀರಾಬೀ. ಮೊದಲೇ ಹೇಳಿಕೊಟ್ಟಿದ್ರಂತರಿ ಆಕಿಗೆ. ನಾನು ಮಲಗಿದ್ರೂ ಬಸ್ಯಾ ಬೆಳಿಗ್ಗೆ ಬರ್ತಾನ, ಅವನು ಸುಮ್ನಾದ ಕೂಡಲೇ ಇಷ್ಟು ಕುಟ್ಟು, ಇಷ್ಟು ಬಿಡು, ಮತ್ತೆ ಇಷ್ಟು ಕುಟ್ಟು. ಅವನಿಗೆ ಗೊತ್ತಾಗಬಾರದು. ಹಿಂಗಂತ ಸ್ಲೇಟಿನ ಮ್ಯಾಲೆ ಬರದಿದ್ರಂತ. ನೀವು ಎಲ್ಲಿ ಸುಮ್ನಾದ್ರಿ ಅಂತ ಆಕಿಗೆ ಒಮ್ಮೊಮ್ಮೆ ತಿಳೀತಿರಲಿಲ್ಲಂತ. ಮೋಸ ಮಾಡಿದೆ ಅಂತ ಅತ್ಲು ಪಾಪ.”

ಪರವಾನಗಿ ಇಲ್ಲದವರ ಕೈಗೆ ಕೀ ಕೊಡಬಾರದು ಎಂದು ಕ್ಲಬ್ಬಿನಲ್ಲಿ ಎಷ್ಟು ಜನಕ್ಕೆ ಬೈದಿದ್ದೇನೆ. ಎಷ್ಟು ವರ್ಷ ಎಷ್ಟು ಜನಕ್ಕೆ ಟೋಪಿ ಹಾಕಿದ್ದೇನೆ. ನನಗೆ ಹಾಕಿದವನು ಅವನೊಬ್ಬನೇ, ಅದೂ ಕಣ್ಣು ಮುಚ್ಚಿಕೊಂಡು.

“ನನಗ ಗೊತ್ತಾಗೇ ಇಲ್ಲ ಅಂತ ಹೇಳು ಆಕಿಗೆ” ಎಂದೆ. “ಥೇಟ್ ಅವನಂಗೇ ಕುಟ್ಟೀರಿ ಅಂತ ಹೇಳು.”

ಜನವರಿ 4, ಭಾನುವಾರ

ಪೆಟ್ಟಿಗೆ ಇಳಿಸೋಣ ಎಂದು ಗುಡ್ಡಕ್ಕೆ ಹೋದೆ. ಅಜ್ಜಪ್ಪ ಚಾರ್ಜ್ ಹಾಕುವುದನ್ನು ಬಿಟ್ಟಿಲ್ಲ.

“ಮೊನ್ನೆಯಿಂದ ಬೆಳಿಗ್ಗೆ ಒಳಗ ಕೆಂಪು ಲೈಟು ಹತ್ತತೈತ್ರಿ. ಒಂದೀಟು ಹೊತ್ತು ಹತ್ತತೈತಿ, ಆರತೈತಿ” ಎಂದ. “ಯಾರೂ ಮಾತಾಡಂಗಿಲ್ಲ.”

ಯಾರೋ ಗುಂಡಿ ಒತ್ತಿ, ಏನೂ ಕುಟ್ಟದೆ ಬಿಟ್ಟರೆ ಹಾಗೆ ಹತ್ತುತ್ತದೆ. ನಾನಂತೂ ಸೆಟ್ಟು ಮುಟ್ಟಿಲ್ಲ.

ಬಿದಿರಿನ ಹಗ್ಗ ಸಡಿಲವಾಗಿತ್ತು. ಬಿಗಿದು ಕಟ್ಟಿ ಬಂದೆ.

ಜನವರಿ 5, ಸೋಮವಾರ

ಚಹಾದ ಹೊತ್ತಿಗೆ ಸೆಟ್ಟು ಹಾಕಿದೆ. ಜೋಕು ಯಾವುದೂ ನೆನಪಾಗಲಿಲ್ಲ. “ಕಸ್ತೂರಿ ಇವತ್ತು ಚಾಕ್ಕ ಸಕ್ಕರಿ ಬದಲು ಉಪ್ಪು ಹಾಕ್ಯಾಳ. ಕುಡದೀನಿ. ಹೇಳಿಲ್ಲ” ಎಂದೆ. ಅಷ್ಟು ಹೇಳಿ ಬಿಟ್ಟೆ.

ಬಾಲ ಹಿಡಿದುಕೊಂಡಿತು. ಟಪ್ ಎಂದಿತು. ಏನೂ ಇಲ್ಲ. ಕಾದೆ.

ಆಮೇಲೆ ನನ್ನ ಸೆಟ್ಟಿನ ದೀಪ ಹತ್ತಿತು. ಐದು ಚುಕ್ಕಿ. ತಡೆದು ಎರಡು.

“ಯಾರ್ರಿ ಅದು?” ಎಂದಳು ಕಸ್ತೂರಿ ಒಳಗಿನಿಂದ.

“ಬಡೇಸಾಬನ ಮನಿಯಿಂದ.”

ಒಂದು ಚುಕ್ಕಿ ಹೆಚ್ಚಿತ್ತು. ತಿದ್ದಲಿಲ್ಲ.